ಸರ್ವೆ ಕೆಲಸಕ್ಕೆ ಕಡಿಮೆ ಬೆಲೆಯ ಜಿಎನ್‌ಎಸ್‌ಎಸ್ ರಿಸೀವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಜಿಎನ್‌ಎಸ್‌ಎಸ್ ಅಂದರೆ ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆಗಳಿಗೆಲ್ಲ ಒಟ್ಟು ಹೆಸರು. ಜಮೀನು ಅಳೆಯೋಕೆ ಮೊದಲ ಸಲ ಇಂಥ ಸ್ಯಾಟಲೈಟ್ ರಿಸೀವರ್ ಕೊಳ್ಳಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೈಯಲ್ಲಿರುವ ದುಡ್ಡು ಕಡಿಮೆ, ಮಾಡಬೇಕಾದದ್ದು ಗಡಿ ಕೆಲಸ. ಅಳತೆ ತಪ್ಪಿದರೆ ಒಬ್ಬರ ನೆಲ ಇನ್ನೊಬ್ಬರಿಗೆ ಹೋಗುತ್ತದೆ. ಹಾಗಾಗಿ ಮುಖ್ಯ ಅನ್ನಿಸಿದ ಕಡೆ ಬಿಡಿಸಿ ಬರೆದಿದ್ದೇನೆ.

ಫೋನಿನಲ್ಲೇ ಜಿಪಿಎಸ್ ಇದೆಯಲ್ಲ, ಅದರಲ್ಲೇ ಅಳೆಯಬಾರದೇ?

ಗಡಿ ಕೆಲಸಕ್ಕೆ ಬೇಡ. ತೆರೆದ ಬಯಲಿನಲ್ಲಿ ನಿಂತರೂ ಫೋನ್ ತೋರಿಸುವ ಜಾಗ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಪೊದೆಯಲ್ಲಿ ಮುಚ್ಚಿಹೋದ ಹಳೆಯ ಗಡಿಕಲ್ಲು ಎಲ್ಲಿರಬಹುದು ಅಂತ ಹುಡುಕಲು ಅದು ಸಾಕು. ಆ ಕಲ್ಲನ್ನು ಅಳೆಯಲು ಸಾಲದು.

ಹಾಗಾದರೆ ಸರ್ವೆ ರಿಸೀವರ್‌ಗೆ ಸೆಂಟಿಮೀಟರ್ ಲೆಕ್ಕ ಎಲ್ಲಿಂದ ಸಿಗುತ್ತದೆ?

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವ ರೇಡಿಯೊ ಅಲೆಯ ಮೇಲೆ ಒಂದು ಕೋಡ್ ಕೂರಿಸಿರುತ್ತಾರೆ. ಸಾಧಾರಣ ರಿಸೀವರ್ ಆ ಕೋಡನ್ನು ಓದಿ ದೂರ ಲೆಕ್ಕ ಹಾಕುತ್ತದೆ. ಕೋಡಿನ ಒಂದೊಂದು ತುಣುಕಿಗೂ ಸುಮಾರು 300 ಮೀಟರ್ ಉದ್ದ. ಅದನ್ನು ನೂರನೇ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಓದಿದರೂ 3 ಮೀಟರ್ ಅನುಮಾನ ಉಳಿಯುತ್ತದೆ.

ಸರ್ವೆ ರಿಸೀವರ್ ಕೋಡನ್ನು ಹೊತ್ತು ತರುವ ಅಲೆಯನ್ನೇ ಅಳೆಯುತ್ತದೆ. ಜಿಪಿಎಸ್‌ನ ಮುಖ್ಯ ಫ್ರೀಕ್ವೆನ್ಸಿಯಾದ ಎಲ್1ರ ಅಲೆಯ ಉದ್ದ ಬರೀ 19 ಸೆಂ.ಮೀ. ಅದರ ನೂರನೇ ಪಾಲು ಅಂದರೆ 2 ಮಿ.ಮೀ.

ಇಲ್ಲೊಂದು ತೊಡಕಿದೆ. ಅಲೆಯ ಕೊನೆಯ ತುಂಡು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಉಪಗ್ರಹದಿಂದ ಇಲ್ಲಿಯವರೆಗೆ ಎಷ್ಟು ಪೂರ್ತಿ ಅಲೆಗಳಿವೆ ಅನ್ನೋದು ಗೊತ್ತಿರುವುದಿಲ್ಲ. ಟೇಪಿನಲ್ಲಿ ಮಿಲಿಮೀಟರ್ ಗೆರೆಗಳು ಚೆನ್ನಾಗಿವೆ, ಮೀಟರ್ ಅಂಕಿಗಳು ಮಾತ್ರ ಅಳಿಸಿಹೋಗಿವೆ ಅಂದುಕೊಳ್ಳಿ. ಆ ಅಂಕಿ ಕಂಡುಹಿಡಿಯಲು ಗೊತ್ತಿರುವ ಜಾಗದಲ್ಲಿ ಇನ್ನೊಂದು ರಿಸೀವರ್ ಕೂತಿರಬೇಕು. ಅದೇ ಬೇಸ್. ನಿಮ್ಮ ಕೈಯಲ್ಲಿ ಓಡಾಡುವುದು ರೋವರ್. ಬೇಸಿನ ಮಾಹಿತಿ ಆ ಕ್ಷಣವೇ ರೋವರ್‌ಗೆ ತಲುಪಿದರೆ ಅದು ಆರ್‌ಟಿಕೆ. ಅಲೆಗಳ ಎಣಿಕೆ ಕೂಡಿಬಂದಾಗ ಪರದೆಯಲ್ಲಿ ‘ಫಿಕ್ಸ್’ ಅಂತ ಬರುತ್ತದೆ. ಬರದಿದ್ದಾಗ ‘ಫ್ಲೋಟ್’. ಫ್ಲೋಟ್‌ನಲ್ಲಿ ತೆಗೆದ ಪಾಯಿಂಟನ್ನು ಗಡಿಗೆ ಬಳಸಬೇಡಿ, ಎಷ್ಟೇ ಅವಸರ ಇರಲಿ.

ಒಂದೇ ಫ್ರೀಕ್ವೆನ್ಸಿಯ ರಿಸೀವರ್ ತುಂಬಾ ಅಗ್ಗ. ಅದು ಸಾಕೇ?

ಸಾಲದು. ಹಣ ಉಳಿಸಲು ಬೇರೆ ಜಾಗಗಳಿವೆ, ಇಲ್ಲಿ ಉಳಿಸಬೇಡಿ.

ಎಲ್1 ಜೊತೆಗೆ ಎಲ್2 ಅಥವಾ ಎಲ್5 ಅನ್ನೋ ಇನ್ನೊಂದು ಫ್ರೀಕ್ವೆನ್ಸಿ ಕೂಡ ಇದ್ದರೆ ಎರಡು ಲಾಭ. ಮೊದಲನೆಯದು, ಮೇಲಿನ ಅಯಾನುಗೋಳ ಬೇರೆ ಬೇರೆ ಫ್ರೀಕ್ವೆನ್ಸಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡಮಾಡಿಸುತ್ತದೆ. ಎರಡನ್ನೂ ಹೋಲಿಸಿದರೆ ಆ ತಡವನ್ನು ಬಹುಮಟ್ಟಿಗೆ ಕಳೆಯಬಹುದು. ಎರಡನೆಯದು, ಎಲ್1 ಮತ್ತು ಎಲ್2 ಸೇರಿಸಿ ಲೆಕ್ಕ ಹಾಕಿದರೆ ಸುಮಾರು 86 ಸೆಂ.ಮೀ. ಉದ್ದದ ಅಲೆ ಸಿಕ್ಕಂತಾಗುತ್ತದೆ. 19 ಸೆಂ.ಮೀ.ಯ ಅಲೆಗಳನ್ನು ಎಣಿಸುವುದಕ್ಕಿಂತ ಇದನ್ನು ಎಣಿಸುವುದು ಎಷ್ಟೋ ಸುಲಭ.

ಹೊಲದಲ್ಲಿ ಇದರ ಅರ್ಥ ಏನು? ಒಂದು ಫ್ರೀಕ್ವೆನ್ಸಿಯ ರೋವರ್ ಮರದ ಕೆಳಗೆ ಹಾದು ಫಿಕ್ಸ್ ಕಳೆದುಕೊಂಡರೆ ಮತ್ತೆ ಸಿಗಲು ಹಲವು ನಿಮಿಷ ಬೇಕಾಗಬಹುದು. ಎರಡು ಫ್ರೀಕ್ವೆನ್ಸಿಯದು ತೆರೆದ ಜಾಗಕ್ಕೆ ಬಂದ ಕೆಲವೇ ಸೆಕೆಂಡಿನಲ್ಲಿ ಹಿಡಿದುಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಅರ್ಧ ದಿನ ಸುಮ್ನೆ ನಿಂತೇ ಹೋಗುತ್ತದೆ. ಬೇಸಿನಿಂದ ಕೆಲವು ಕಿ.ಮೀ. ದೂರ ಹೋದರಂತೂ ಒಂದು ಫ್ರೀಕ್ವೆನ್ಸಿಯದು ಫಿಕ್ಸ್ ಆಗದೇ ಉಳಿಯಬಹುದು.

ಯಾವ ಚಿಪ್ ಇರುವುದನ್ನು ನೋಡಬೇಕು?

ಈ ಮಾರುಕಟ್ಟೆ ಬದಲಾಗಿದ್ದು 2018ರಲ್ಲಿ ಯು-ಬ್ಲಾಕ್ಸ್ ಕಂಪನಿ ಝೆಡ್‌ಇಡಿ-ಎಫ್9ಪಿ ಪ್ರಕಟಿಸಿದ ಮೇಲೆ. ಅಲ್ಲಿಯವರೆಗೆ ಎರಡು ಫ್ರೀಕ್ವೆನ್ಸಿಯ ಆರ್‌ಟಿಕೆ ಸಣ್ಣ ಸರ್ವೇಯರ್ ಕೈಗೆ ಎಟುಕುತ್ತಿರಲಿಲ್ಲ. ಆಮೇಲೆ ಯುನಿಕೋರ್‌ನ ಯುಎಂ980, ಸೆಪ್ಟೆಂಟ್ರಿಯೊದ ಮೊಸಾಯಿಕ್-ಎಕ್ಸ್5 ಬಂದವು. ಕಡಿಮೆ ಬೆಲೆಯ ಎಷ್ಟೋ ರಿಸೀವರ್‌ಗಳ ಹೊರಕವಚ ಬೇರೆ ಬೇರೆ, ಒಳಗಿರುವುದು ಇಂಥದೇ ಯಾವುದೋ ಒಂದು. ಹಾಗಾಗಿ ಮಾರುವವರನ್ನು ಮೊದಲು ಚಿಪ್ಪಿನ ಹೆಸರು ಕೇಳಿ. ಹೇಳಲು ಹಿಂದೆಮುಂದೆ ನೋಡಿದರೆ ಮುಂದಿನ ಅಂಗಡಿಗೆ ಹೋಗಿ.

ಚಾನೆಲ್ ಸಂಖ್ಯೆ ನೋಡಿ ಮಾರುಹೋಗಬೇಡಿ. ಎಫ್9ಪಿಯಲ್ಲಿ 184 ಚಾನೆಲ್, ಯುಎಂ980ಯಲ್ಲಿ 1408. ಒಂದು ಹೊತ್ತಿಗೆ ಆಕಾಶದಲ್ಲಿ ಕಾಣುವ ಉಪಗ್ರಹಗಳು ಕೆಲವು ಡಜನ್ ಮಾತ್ರ, ಒಂದೊಂದರಿಂದ ಎರಡು ಮೂರು ಸಿಗ್ನಲ್. ಅಷ್ಟನ್ನು ಹಿಡಿಯಲು ಸಾವಿರ ಚಾನೆಲ್ ಬೇಕಿಲ್ಲ. ಎಷ್ಟು ಫ್ರೀಕ್ವೆನ್ಸಿ, ಯಾವ ಯಾವ ಉಪಗ್ರಹ ವ್ಯವಸ್ಥೆ ಅನ್ನೋದೇ ಮುಖ್ಯ.

ಎಷ್ಟು ಉಪಗ್ರಹ ವ್ಯವಸ್ಥೆಗಳು ಬೇಕು?

ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ, ಬೇಯ್ಡೌ ನಾಲ್ಕೂ ಇರಲಿ. ಬಯಲಿನಲ್ಲಿ ಎರಡೇ ಸಾಕಾಗಬಹುದು. ಆದರೆ ಅರ್ಧ ಆಕಾಶವನ್ನು ಗೋಡೆಯೋ ಗುಡ್ಡವೋ ಮುಚ್ಚಿದಾಗ ಉಳಿದ ಅರ್ಧದಲ್ಲಿ ಎಷ್ಟು ಉಪಗ್ರಹ ಇವೆ ಅನ್ನುವುದೇ ನಿಮ್ಮನ್ನು ಕಾಪಾಡುತ್ತದೆ.

‘8 ಮಿ.ಮೀ. + 1 ಪಿಪಿಎಂ’ ಅಂತ ಬರೆದಿರುತ್ತಾರೆ. ಏನದು?

ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಬೇಸಿನಿಂದ ದೂರ ಹೋದಂತೆ ಪ್ರತಿ ಕಿ.ಮೀ.ಗೆ 1 ಮಿ.ಮೀ. ಸೇರುತ್ತದೆ. 10 ಕಿ.ಮೀ. ಆಚೆ ನಿಂತರೆ 8ಕ್ಕೆ 10 ಸೇರಿ 18 ಮಿ.ಮೀ. ಎತ್ತರದ ಅಂಕಿ ಇದರ ಒಂದೂವರೆಯಿಂದ ಎರಡು ಪಟ್ಟು, ಯಾಕೆಂದರೆ ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೇ ಇವೆ, ಕಾಲ ಕೆಳಗಿನಿಂದ ಅಳೆಯಲು ಯಾವುದೂ ಸಿಗುವುದಿಲ್ಲ.

ಇನ್ನೂ ಒಂದು ಮಾತು. ಈ ಅಂಕಿ ಗರಿಷ್ಠ ತಪ್ಪಲ್ಲ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಅಳತೆ ಅದಕ್ಕಿಂತ ಆಚೆ ಹೋಗುತ್ತದೆ, ಅದೂ ತೆರೆದ ಆಕಾಶದ ಕೆಳಗೆ. ಬಯಲಿನಲ್ಲಿ ಅಗ್ಗದ ರಿಸೀವರ್‌ಗೂ ದುಬಾರಿಯದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಂಡಿಲ್ಲ. ಮರ, ಗೋಡೆ ಹತ್ತಿರ ಬಂದಾಗಲೇ ಎರಡರ ದಾರಿ ಬೇರೆಯಾಗುವುದು.

ಒಂದು ರಿಸೀವರ್ ಸಾಕೇ, ಎರಡು ಕೊಳ್ಳಬೇಕೇ?

ರಿಸೀವರ್ ನೋಡುವ ಮುಂಚೆ ಎರಡು ವಿಷಯ ವಿಚಾರಿಸಿ. ನೀವು ಕೆಲಸ ಮಾಡುವ ಜಾಗದಿಂದ ಸುಮಾರು 30 ಕಿ.ಮೀ. ಒಳಗೆ ಖಾಯಂ ಬೇಸ್ ಸ್ಟೇಷನ್ ಇದೆಯೇ? ಹೊಲದಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆಯೇ?

ಎರಡೂ ಇದ್ದರೆ ಒಂದೇ ರಿಸೀವರ್ ಸಾಕು. ಬೇಸಿನ ಮಾಹಿತಿ ಇಂಟರ್ನೆಟ್ ಮೂಲಕ ಎನ್‌ಟ್ರಿಪ್ ಅನ್ನೋ ವಿಧಾನದಲ್ಲಿ ಬರುತ್ತದೆ. ಇದನ್ನು ರೂಪಿಸಿದ್ದು ಜರ್ಮನಿಯ ಸರ್ಕಾರಿ ನಕ್ಷೆ ಮತ್ತು ಭೂಮಾಪನ ಸಂಸ್ಥೆ ಬಿಕೆಜಿ. ಡೇಟಾ ಖರ್ಚು ತೀರಾ ಕಡಿಮೆ, ಸಾಮಾನ್ಯ ಸ್ಮಾರ್ಟ್‌ಫೋನ್ ಸಾಕು.

ಎರಡರಲ್ಲಿ ಒಂದು ಇಲ್ಲದಿದ್ದರೂ ನಿಮ್ಮದೇ ಬೇಸ್ ಬೇಕು, ಅಂದರೆ ಎರಡು ರಿಸೀವರ್. ನಡುವೆ ಮಾತಾಡಲು ರೇಡಿಯೊ ಬೇಕು. ಅಗ್ಗದವುಗಳಲ್ಲಿ ಲೋರಾ ಅನ್ನೋ ಕಡಿಮೆ ಶಕ್ತಿಯ ರೇಡಿಯೊ ಇರುತ್ತದೆ, ತೆರೆದ ಜಾಗದಲ್ಲಿ ಕೆಲವು ಕಿ.ಮೀ. ಎಳೆಯುತ್ತದೆ. ಹೆಚ್ಚು ಶಕ್ತಿಯ ಯುಎಚ್‌ಎಫ್ ರೇಡಿಯೊಗೆ ಬಹಳ ಕಡೆ ಲೈಸೆನ್ಸ್ ಬೇಕಾಗುತ್ತದೆ, ಮುಂಚೆಯೇ ವಿಚಾರಿಸಿಕೊಳ್ಳಿ. ಬೇಸಿನ ಆಂಟೆನಾ ಎತ್ತರದಲ್ಲಿದ್ದಷ್ಟೂ ರೇಡಿಯೊ ದೂರ ಹೋಗುತ್ತದೆ. ಎಷ್ಟೋ ಸಲ ರೇಡಿಯೊ ಸರಿಯಿಲ್ಲ ಅಂತ ಬೈಯುವವರ ಬೇಸ್ ತಗ್ಗಿನಲ್ಲಿ ನಿಂತಿರುತ್ತದೆ.

ಬೇಸನ್ನು ಎಲ್ಲಿ ಬೇಕಾದರೂ ಇಟ್ಟು ಶುರು ಮಾಡಬಹುದೇ?

ಮಾಡಬಹುದು, ಆದರೆ ಏನಾಗುತ್ತದೆ ಅಂತ ಗೊತ್ತಿರಲಿ. ಬೇಸ್ ತನ್ನ ಜಾಗ ಎಲ್ಲಿ ಅಂದುಕೊಂಡಿದೆಯೋ ಅದನ್ನೇ ನಂಬಿ ರೋವರ್ ಲೆಕ್ಕ ಹಾಕುತ್ತದೆ. ಬೇಸಿನ ಜಾಗ 1 ಮೀಟರ್ ತಪ್ಪಿದ್ದರೆ ನಿಮ್ಮ ಪಾಯಿಂಟುಗಳೆಲ್ಲ ಒಂದೇ ದಿಕ್ಕಿಗೆ 1 ಮೀಟರ್ ಸರಿದಿರುತ್ತವೆ. ಒಂದಕ್ಕೊಂದು ಸರಿಯಾಗೇ ಇರುವುದರಿಂದ ಅಲ್ಲಿ ನಿಂತಾಗ ಗೊತ್ತೇ ಆಗಲ್ಲ.

ನನಗೆ ಇದು ಗೊತ್ತಾಗಿದ್ದು ಎರಡು ದಿನದ ಒಂದು ಕೆಲಸದಲ್ಲಿ. ಎರಡೂ ದಿನ ಬೇಸನ್ನು ಅದೇ ಮೊಳೆಯ ಮೇಲೆ ಇಟ್ಟಿದ್ದೆ. ಆದರೆ ಎರಡನೇ ದಿನ ಬೆಳಗ್ಗೆ ಹಿಂದಿನ ದಿನದ ಅಂಕಿ ಕೊಡುವ ಬದಲು, ಎರಡು ನಿಮಿಷದ ಸರಾಸರಿಯಿಂದ ಅದೇ ತನ್ನ ಜಾಗ ಹುಡುಕಿಕೊಳ್ಳಲಿ ಅಂತ ಬಿಟ್ಟೆ. ರಾತ್ರಿ ನಕ್ಷೆ ತೆರೆದರೆ ಎರಡು ಭಾಗ ಕೂಡುವ ಬದುವು ಎರಡಾಗಿತ್ತು, ನಡುವೆ 1.3 ಮೀಟರ್ ಅಂತರ. ಅದೃಷ್ಟಕ್ಕೆ ಮೂರು ಪಾಯಿಂಟುಗಳನ್ನು ಎರಡೂ ದಿನ ಅಳೆದಿದ್ದೆ. ಮೂರರಲ್ಲೂ ಅಂತರ ಒಂದೇ ಅಳತೆ, ಒಂದೇ ದಿಕ್ಕು. ಎರಡನೇ ದಿನದ್ದನ್ನೆಲ್ಲ ಅಷ್ಟೇ ಸರಿಸಿದೆ, ಕೂಡಿಕೊಂಡಿತು. ಆ ಮೂರು ಪಾಯಿಂಟ್ ಇಲ್ಲದಿದ್ದರೆ ಇಡೀ ಜಮೀನು ಮತ್ತೆ ಅಳೆಯಬೇಕಿತ್ತು.

ಸರಿಯಾದ ದಾರಿ: ಗೊತ್ತಿರುವ ಸರ್ವೆ ಗುರುತು ಹತ್ತಿರ ಇದ್ದರೆ ಅದರ ಮೇಲೆ ಬೇಸ್ ಇಡಿ. ಇಲ್ಲದಿದ್ದರೆ ಬೇಸಿನ ಕಚ್ಚಾ ಮಾಹಿತಿಯನ್ನು ಕೆಲವು ಗಂಟೆ ರೆಕಾರ್ಡ್ ಮಾಡಿ, ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ರಿನೆಕ್ಸ್ ಅನ್ನೋ ರೂಪದ ಫೈಲಾಗಿ ಬದಲಿಸಿ, ಉಚಿತ ಲೆಕ್ಕ ಸೇವೆಗೆ ಕಳಿಸಿ. ಕೆನಡಾದ ಸಿಎಸ್‌ಆರ್‌ಎಸ್-ಪಿಪಿಪಿ, ಆಸ್ಟ್ರೇಲಿಯಾದ ಆಸ್‌ಪಾಸ್, ಅಮೆರಿಕದ ಓಪಸ್ ಇಂಥವು. ಓಪಸ್‌ನ ಸ್ಟ್ಯಾಟಿಕ್ ಲೆಕ್ಕಕ್ಕೆ ಕನಿಷ್ಠ 2 ಗಂಟೆಯ ಫೈಲು ಬೇಕು, ಅದೂ ಎರಡು ಫ್ರೀಕ್ವೆನ್ಸಿಯದು. ಕಚ್ಚಾ ಮಾಹಿತಿ ರೆಕಾರ್ಡ್ ಮಾಡಲು ಬಿಡದ ರಿಸೀವರ್ ಎಷ್ಟೇ ಅಗ್ಗ ಇದ್ದರೂ ಬೇಡ.

ಆಂಟೆನಾ ಯಾವುದಾದರೆ ಏನು?

ಅಗ್ಗದ ರಿಸೀವರ್‌ಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಸಿಗ್ನಲ್ ಉಪಗ್ರಹದಿಂದ ನೇರವಾಗಿ ಬರುವುದರ ಜೊತೆಗೆ ನೆಲ, ಗೋಡೆ, ತಗಡಿಗೆ ಬಡಿದೂ ಬರುತ್ತದೆ. ಬಡಿದು ಬಂದದ್ದು ಸುತ್ತು ಹೊಡೆದಿರುತ್ತದೆ, ದೂರ ಜಾಸ್ತಿ ತೋರಿಸುತ್ತದೆ. ಇದೇ ಮಲ್ಟಿಪಾತ್. ಒಳ್ಳೆ ಸರ್ವೆ ಆಂಟೆನಾ ಕೆಳಗಿನಿಂದ ಬರುವ ಸಿಗ್ನಲನ್ನು ಆದಷ್ಟು ತಡೆಯುತ್ತದೆ. ವಾಹನದ ಮೇಲೆ ಅಂಟಿಸುವ ಸಣ್ಣ ಪ್ಯಾಚ್ ಆಂಟೆನಾ ತಡೆಯುವುದಿಲ್ಲ. ಅದನ್ನೇ ಬಳಸಬೇಕಾಗಿ ಬಂದರೆ ಅಡಿಯಲ್ಲಿ ಅಂಗೈ ಅಗಲದ ಲೋಹದ ತಟ್ಟೆ ಇಡಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹೆಲಿಕಲ್ ಆಂಟೆನಾ ಹಗುರ, ಡ್ರೋನ್‌ಗೆ ಒಳ್ಳೆಯದು. ಕಂಬದ ಮೇಲಿಟ್ಟು ಗಡಿ ಅಳೆಯಲು ನಾನು ಅಗಲದ ಸರ್ವೆ ಆಂಟೆನಾವನ್ನೇ ಆರಿಸುತ್ತೇನೆ.

ಆಂಟೆನಾ ಅಳೆಯುವ ಬಿಂದು ಅದರ ಅಡಿಯಲ್ಲಿಲ್ಲ, ಒಳಗೆಲ್ಲೋ ಇರುತ್ತದೆ. ಎಲ್1ಕ್ಕೆ ಒಂದು ಎತ್ತರ, ಎಲ್2ಕ್ಕೆ ಇನ್ನೊಂದು. ಈ ಅಂಕಿಗಳನ್ನು ತಯಾರಕರು ಪ್ರಕಟಿಸಿದ್ದಾರೆಯೇ ನೋಡಿ. ಎತ್ತರ ಮುಖ್ಯವಾಗಿರುವ ಕೆಲಸದಲ್ಲಿ ಇದಿಲ್ಲದಿದ್ದರೆ ಕೆಲವು ಸೆಂಟಿಮೀಟರ್ ಅಲ್ಲೇ ಹೋಗುತ್ತದೆ.

ಕಂಬ ವಾಲಿದರೂ ಅಳೆಯುವ ‘ಟಿಲ್ಟ್’ ಇರುವುದು ತಗೊಳ್ಳಲೇ?

2 ಮೀಟರ್ ಕಂಬ 1 ಡಿಗ್ರಿ ವಾಲಿದರೆ ಮೇಲಿನ ಆಂಟೆನಾ 35 ಮಿ.ಮೀ. ಸರಿಯುತ್ತದೆ. ರಿಸೀವರ್‌ನ ತಪ್ಪಿಗಿಂತ ನಾಲ್ಕು ಪಟ್ಟು! ಅದಕ್ಕೇ ಮೊದಲು ನೋಡಬೇಕಾದದ್ದು ಕಂಬದ ಬಬಲ್, ಅಂದರೆ ಕಂಬ ನೆಟ್ಟಗಿದೆಯೇ ಅಂತ ತೋರಿಸುವ ಗಾಳಿಗುಳ್ಳೆ. ಕಂಬದ ತುದಿಯನ್ನು ಒಂದು ಗುರುತಿನ ಮೇಲೆ ಊರಿ, ಬಬಲ್ ನಡುವೆ ತಂದು ಅಳೆಯಿರಿ. ಕಂಬವನ್ನು ಅಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಎರಡು ಅಂಕಿ ಬೇರೆ ಬಂದರೆ ಬಬಲ್ ಸುಳ್ಳು ಹೇಳುತ್ತಿದೆ, ಸ್ಕ್ರೂ ತಿರುಗಿಸಿ ಸರಿಮಾಡಿ. ದುಡ್ಡು ಮಿಕ್ಕರೆ ದ್ವಿಪಾದದ ಸ್ಟ್ಯಾಂಡ್ ಕೊಳ್ಳಿ, ಕೈ ನಡುಗುವುದು ತಪ್ಪುತ್ತದೆ.

ಟಿಲ್ಟ್ ಇದ್ದರೆ ಗೋಡೆಯ ಮೂಲೆ ಅಳೆಯಲು ನಿಜಕ್ಕೂ ಸುಖ. ಆದರೆ ಮೊದಲ ರಿಸೀವರ್‌ಗೆ ಅದು ಅಗತ್ಯ ಅಲ್ಲ.

ಪರದೆಯಲ್ಲಿ ‘ಫಿಕ್ಸ್’ ಬಂತು ಅಂದರೆ ಕಣ್ಣುಮುಚ್ಚಿ ನಂಬಬಹುದೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ.

ಅಲೆಗಳ ಎಣಿಕೆಯನ್ನು ರಿಸೀವರ್ ಊಹಿಸಿ, ಊಹೆ ಎಷ್ಟು ಗಟ್ಟಿ ಅಂತ ಪರೀಕ್ಷಿಸಿ ಫಿಕ್ಸ್ ತೋರಿಸುತ್ತದೆ. ಕೆಲವೊಮ್ಮೆ ತಪ್ಪು ಎಣಿಕೆಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಒಂದು ಸಲ ತಗಡಿನ ಶೆಡ್ಡಿನ ಪಕ್ಕದ ಗಡಿಕಲ್ಲನ್ನು ಅಳೆದೆ. ಹಸಿರು ಬಣ್ಣದಲ್ಲಿ ಫಿಕ್ಸ್, ಪರದೆಯಲ್ಲಿ 14 ಮಿ.ಮೀ. ನಿಖರತೆ. ಮಧ್ಯಾಹ್ನ ಅದೇ ಕಲ್ಲಿಗೆ ಮರಳಿ ಕಂಬ ಊರಿದರೆ 41 ಸೆಂ.ಮೀ. ಆಚೆ ತೋರಿಸಿತು, ಈಗಲೂ ಹಸಿರು, ಈಗಲೂ ಫಿಕ್ಸ್. ಎರಡು ಕಡೆಯ ತೆರೆದ ಪಾಯಿಂಟುಗಳಿಂದ ಟೇಪ್ ಹಿಡಿದಾಗ ಬೆಳಗಿನದು ಸುಳ್ಳು ಅಂತ ತಿಳಿಯಿತು. ಮರಳಿ ಹೋಗದಿದ್ದರೆ ಬೇಲಿ ಅಲ್ಲೇ ಬೀಳುತ್ತಿತ್ತು.

ಅಂದಿನಿಂದ ಮುಖ್ಯ ಪಾಯಿಂಟುಗಳಿಗೆಲ್ಲ ಹೀಗೆ ಮಾಡುತ್ತೇನೆ. ಮೊದಲ ಅಳತೆ ಆದ ಮೇಲೆ ಆಂಟೆನಾ ಮುಚ್ಚಿ ಫಿಕ್ಸ್ ಕಳೆದು, ಮತ್ತೆ ಸಿಕ್ಕ ಮೇಲೆ ಇನ್ನೊಮ್ಮೆ ಅಳೆಯುತ್ತೇನೆ. ಒಂದೆರಡು ಗಂಟೆ ಬಿಟ್ಟು ಮೂರನೇ ಸಲ. ಆ ಹೊತ್ತಿಗೆ ಉಪಗ್ರಹಗಳು ಜಾಗ ಬದಲಿಸಿರುತ್ತವೆ, ಹಿಂದಿನ ತಪ್ಪೇ ಮತ್ತೆ ಬರುವ ಸಾಧ್ಯತೆ ಕಡಿಮೆ. ಮರುದಿನ ಹೋಗುವುದಾದರೆ ಅದೇ ಹೊತ್ತಿಗೆ ಹೋಗಬೇಡಿ: ಜಿಪಿಎಸ್ ಉಪಗ್ರಹಗಳ ಜೋಡಣೆ ದಿನಕ್ಕೆ ಸುಮಾರು 4 ನಿಮಿಷ ಮುಂಚೆ ಹಾಗೇ ಮರಳಿ ಬರುತ್ತದೆ. ಕೆಲಸದ ಮೊದಲು ಮತ್ತು ಕೊನೆಗೆ ಗೊತ್ತಿರುವ ಒಂದು ಪಾಯಿಂಟ್ ಮುಟ್ಟಿ ಬರುವುದನ್ನಂತೂ ಬಿಡಲೇಬಾರದು.

ಎತ್ತರ ಯಾಕೆ ಸಮುದ್ರಮಟ್ಟದ ಲೆಕ್ಕಕ್ಕೆ ಹೊಂದುವುದಿಲ್ಲ?

ರಿಸೀವರ್ ಅಳೆಯುವುದು ಗಣಿತದ ನುಣುಪಾದ ಭೂಮಿಯ ಮೇಲಿನ ಎತ್ತರ. ನೀರು ಹರಿಯುವುದು ಜಿಯಾಯ್ಡ್ ಅನ್ನೋ ಉಬ್ಬುತಗ್ಗಿನ ಮಟ್ಟ ನೋಡಿ. ಎರಡರ ನಡುವಿನ ಅಂತರ ಭಾರತದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ 100 ಮೀಟರ್ ದಾಟುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಜಿಯಾಯ್ಡ್ ಮಾದರಿ ಹಾಕಲು ಅವಕಾಶ ಇರಬೇಕು. ಇಜಿಎಂ2008 ಪ್ರಪಂಚಕ್ಕೆಲ್ಲ ಸಿಗುತ್ತದೆ. ನಿಮ್ಮ ದೇಶದ್ದೇ ಮಾದರಿ ಇದ್ದರೆ ಅದೇ ಮೇಲು.

ಹೊಸ ಅಳತೆ ಹಳೆಯ ನಕ್ಷೆಗೆ ಕೂರುತ್ತಿಲ್ಲ. ರಿಸೀವರ್ ಕೆಟ್ಟಿದೆಯೇ?

ಬಹುಶಃ ಇಲ್ಲ, ಡೇಟಮ್ (ಅಂಕಿಗಳನ್ನು ಎಲ್ಲಿಂದ ಎಣಿಸಬೇಕು ಅನ್ನೋ ಆಧಾರ ಚೌಕಟ್ಟು) ಬೇರೆ ಇರಬೇಕು. ಭೂಮಿಯ ಫಲಕಗಳೂ ಚಲಿಸುತ್ತಿವೆ. ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂ.ಮೀ. ಸರಿಯುತ್ತದೆ. ಅಲ್ಲಿನ 1994ರ ಡೇಟಮ್‌ನಿಂದ 2020ರದಕ್ಕೆ ಬಂದಾಗ ಅಂಕಿಗಳು ಸುಮಾರು 1.8 ಮೀಟರ್ ಬದಲಾದವು. ಯಾವ ಡೇಟಮ್, ಯಾವ ವರ್ಷದ್ದು ಅನ್ನೋದನ್ನು ಪ್ರತಿ ಫೈಲಿನಲ್ಲೂ ಬರೆದಿಡಿ.

ಹಳೆಯ ಹೆಸರಾಂತ ರಿಸೀವರ್ ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ಒಳ್ಳೆಯದಲ್ವಾ?

ಆಂಟೆನಾ, ಗಟ್ಟಿತನ ಚೆನ್ನಾಗಿರುತ್ತದೆ, ನಿಜ. ಆದರೆ ಹಳೆಯದರಲ್ಲಿ ಗೆಲಿಲಿಯೋ, ಬೇಯ್ಡೌ ಇಲ್ಲದಿರಬಹುದು. ಆರ್‌ಟಿಕೆ, ಗ್ಲೋನಾಸ್ ಒಂದೊಂದಕ್ಕೂ ಬೇರೆ ಬೇರೆ ಲೈಸೆನ್ಸ್ ಕೋಡ್ ಬೇಕಾಗಬಹುದು. ಜಿಪಿಎಸ್ ವಾರದ ಎಣಿಕೆ 1024 ವಾರಕ್ಕೊಮ್ಮೆ ಸೊನ್ನೆಗೆ ಬರುತ್ತದೆ, ಕಳೆದ ಸಲ ಬಂದದ್ದು 2019ರ ಏಪ್ರಿಲ್‌ನಲ್ಲಿ. ಆಮೇಲೂ ತಾರೀಖು ಸರಿ ತೋರಿಸುತ್ತಿದೆಯೇ ಅಂತ ಆನ್ ಮಾಡಿ ನೋಡಿ. ಬ್ಯಾಟರಿ ಈಗಲೂ ಸಿಗುತ್ತದೆಯೇ ಕೇಳಿ.

ಸಾಫ್ಟ್‌ವೇರ್‌ಗೆ ಬೇರೆ ಹಣ ಕೊಡಬೇಕೇ?

ಕೊಡಲೇಬೇಕು ಅಂತಿಲ್ಲ. ಹೊಲದಲ್ಲಿ ಎಸ್‌ಡಬ್ಲ್ಯು ಮ್ಯಾಪ್ಸ್, ಕ್ಯೂಫೀಲ್ಡ್ ಆ್ಯಪ್‌ಗಳು ಸಾಕಷ್ಟು ಕೆಲಸ ಮಾಡುತ್ತವೆ. ಮನೆಗೆ ಬಂದು ಲೆಕ್ಕ ಹಾಕಲು ಜಪಾನಿನ ತೊಮೊಜಿ ತಕಾಸು ಬರೆದ ಆರ್‌ಟಿಕೆಲಿಬ್ ಇದೆ, ಉಚಿತ. ನಿಮ್ಮ ರಿಸೀವರ್ ಎನ್‌ಎಂಇಎ (ಜಾಗದ ಅಂಕಿ ಕಳಿಸುವ ಸಾಮಾನ್ಯ ರೂಪ) ಮತ್ತು ಆರ್‌ಟಿಸಿಎಂ 3 (ಬೇಸಿನ ಮಾಹಿತಿ ಕಳಿಸುವ ಸಾಮಾನ್ಯ ರೂಪ) ಎರಡನ್ನೂ ಹೊರಗೆ ಕೊಡುತ್ತಿದ್ದರೆ ಯಾವ ಆ್ಯಪ್‌ಗೂ ಕಟ್ಟುಬೀಳಬೇಕಿಲ್ಲ. ತನ್ನ ಸ್ವಂತ ಆ್ಯಪ್ ಜೊತೆ ಮಾತ್ರ ಮಾತಾಡುವ, ವರ್ಷ ವರ್ಷ ಚಂದಾ ಕೇಳುವ ರಿಸೀವರ್ ಕೊಳ್ಳುವಾಗ ಅಗ್ಗ, ಆಮೇಲೆ ಅಲ್ಲ.

ಸಂಜೆಯಾದ ಮೇಲೆ ಫಿಕ್ಸ್ ಸಿಗುವುದಿಲ್ಲ. ಯಾಕೆ?

ಭೂಮಿಯ ಕಾಂತೀಯ ಸಮಭಾಜಕದ ಹತ್ತಿರದ ಪ್ರದೇಶಗಳಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲವು ಗಂಟೆ ಅಯಾನುಗೋಳ ಕದಡುತ್ತದೆ. ಸಿಗ್ನಲ್ ನಡುಗಿ ಕಡಿಯುತ್ತದೆ. ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳಲ್ಲಿ ಇದು ಜಾಸ್ತಿ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಅಮೆರಿಕದ ರೈತರ ಆರ್‌ಟಿಕೆ ಟ್ರ್ಯಾಕ್ಟರ್‌ಗಳೇ ದಾರಿ ತಪ್ಪಿದವು. ಅಂಥ ಹೊತ್ತಿನಲ್ಲಿ ದುಬಾರಿ ರಿಸೀವರ್ ಇದ್ದವರೂ ಕಾಯಬೇಕು. ಗಡಿ ಪಾಯಿಂಟುಗಳನ್ನು ಬೆಳಗ್ಗೆಯೇ ಮುಗಿಸಿಕೊಳ್ಳಿ.

ಕೊಳ್ಳುವ ಮುಂಚೆ ನಾನೇ ಪರೀಕ್ಷಿಸಲು ಆಗುತ್ತದೆಯೇ?

ಆಗುತ್ತದೆ, ಒಂದು ಗಂಟೆ ಸಾಕು. ತೆರೆದ ಜಾಗದಲ್ಲಿ ಎರಡು ಮೊಳೆ ಹೊಡೆದು ನಡುವಿನ ದೂರವನ್ನು ಉಕ್ಕಿನ ಟೇಪಿನಿಂದ ಅಳೆಯಿರಿ, 20 ಮೀಟರ್ ಇರಲಿ. ಎರಡನ್ನೂ ರೋವರ್‌ನಿಂದ ಐದೈದು ಸಲ ಅಳೆಯಿರಿ, ಪ್ರತಿ ಸಲವೂ ಫಿಕ್ಸ್ ಕಳೆದು ಮತ್ತೆ ಹಿಡಿದು. ದೂರ 2 ಸೆಂ.ಮೀ. ಒಳಗೆ ಕೂಡಿ ಬರಬೇಕು. ಆಮೇಲೆ ಎಲೆ ದಟ್ಟವಾಗಿರುವ ಮರದ ಕೆಳಗೆ ಎರಡು ನಿಮಿಷ ನಿಂತು ಹೊರಗೆ ಬನ್ನಿ. ಫಿಕ್ಸ್ ಮರಳಲು ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ. ಬಿಸಿಲಲ್ಲಿ ಪರದೆ ಓದಲು ಬರುತ್ತದೆಯೇ, ಬ್ಯಾಟರಿ ಎಷ್ಟು ಇಳಿಯಿತು ಅಂತಲೂ ನೋಡಿ. ಮಳೆ ಧೂಳಿಗೆ ಐಪಿ67 ಇರಲಿ: ಧೂಳು ಒಳಗೆ ಹೋಗಬಾರದು, 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು ಅಂತ ಅದರ ಅರ್ಥ. ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ನಾನಂತೂ ಕೊಳ್ಳುವುದಿಲ್ಲ.

ಇದು ಬಂದ ಮೇಲೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ದುರ್ಬೀನಿನ ಯಂತ್ರ) ಮಾರಿಬಿಡಲೇ?

ಬೇಡ. ದಟ್ಟ ತೋಪು, ಕಟ್ಟಡಗಳ ಸಂದಿ, ಸೂರಿನ ಕೆಳಗೆ ಆಕಾಶ ಕಾಣುವುದಿಲ್ಲ, ಅಲ್ಲಿ ಯಾವ ರಿಸೀವರೂ ನಡೆಯುವುದಿಲ್ಲ. ತೆರೆದ ಜಾಗದಲ್ಲಿ ರಿಸೀವರ್‌ನಿಂದ ಎರಡು ಮೂರು ಪಾಯಿಂಟ್ ಗಟ್ಟಿ ಮಾಡಿಕೊಂಡು, ಅಲ್ಲಿಂದ ಒಳಗೆ ಟೋಟಲ್ ಸ್ಟೇಷನ್ನೋ ಟೇಪೋ ಹಿಡಿದು ಹೋಗಿ.